ಕಲಾಯಿ ಪ್ಯಾರೇಜಾನ್ ನನ್ನ ಕಾರಿಗೆ ಮೇಣ ಹಚ್ಚಿದ್ದು

ಶೋರೂಮಿನ ಹುಡುಗ ಹೇಳಿದ್ದ:
ಸೆರಾಮಿಕ್ ಕೋಟಿಂಗ್, ಮೇಡಂ, ಇಪ್ಪತ್ತೆಂಟು ಸಾವಿರ,
ಐದು ವರ್ಷ ಯೋಚನೆಯೇ ಇಲ್ಲ.
ಯೋಚನೆಯಿಲ್ಲದ ಐದು ವರ್ಷ ನನಗೆ ಯಾಕೋ
ದುಬಾರಿ ಅನಿಸಿತು.

ಹಾಗಾಗಿ ಈ ಭಾನುವಾರ, ಬಾಯ್ಲರ್ ಹೊತ್ತಿಸದ ದಿನ,
ಶಿಡ್ಲಘಟ್ಟದ ನಮ್ಮ ನೂಲು ಬಿಚ್ಚಾಣಿಕೆ ಶೆಡ್ಡಿನ ನೆರಳಲ್ಲಿ
ಕಾರು ನಿಂತಿದೆ. ನೇರಳೆ ಹಣ್ಣಿನ ಬಣ್ಣ.
ಎಂಟು ದಿನದ್ದು, ಪುಣ್ಯಾಹ ಇನ್ನೂ ಆಗದ ಕೂಸಿನ ಹಾಗೆ.
ಪ್ಯಾರೇಜಾನ್ ಬಂದಿದ್ದಾರೆ, ಸೈಕಲ್ಲಿಗೆ ಎರಡು ಬಕೆಟ್ಟು ಕಟ್ಟಿಕೊಂಡು.

ಚಿಕ್ಕವಳಿದ್ದಾಗಿನಿಂದ ಬಲ್ಲೆ ಇವರನ್ನು.
ವರ್ಷಕ್ಕೊಮ್ಮೆ ಬೇವಿನ ಕಟ್ಟೆ ಪಕ್ಕ ಗುಂಡಿ ತೋಡಿ,
ತಿದಿ ಊದಿ, ಕೆಂಡದ ಮೇಲೆ ಅಮ್ಮನ ಪಾತ್ರೆ ಹೊರಳಿಸಿ,
ನವಸಾಗರದ ಬಿಳಿ ಹೊಗೆಯೊಳಗೆ ಕೈ ತೂರಿಸಿ
ಹತ್ತಿಯಲ್ಲಿ ಒಂದು ಸುತ್ತು. ಅಷ್ಟೇ.
ಕರಿ ಹಿಡಿದ ತಳದಲ್ಲಿ ನನ್ನ ಮೂಗು ಕಾಣುತ್ತಿತ್ತು.
ಸ್ಟೀಲು ಬಂತು. ನಾನ್‌ಸ್ಟಿಕ್ಕು ಬಂತು.
ತಿದಿ ಎಲ್ಲಿ ಹೋಯಿತೋ ನಾನು ಕೇಳಲಿಲ್ಲ.

"ಬಳೆ ತೆಗೀರಿ," ಅಂದರು.
"ಉಂಗುರ, ವಾಚು. ಸರ ಒಳಗೆ ಹಾಕ್ಕೊಳ್ಳಿ. ಗೀರು ಬೀಳತ್ತೆ."
ಕಿಟಕಿಯಿಂದ ಅತ್ತೆ: ಶುಭಕ್ಕೆ ತಂದ ಗಾಡಿ ಮುಂದೆ
ಕೈ ಬೋಳು ಮಾಡ್ಕೊಂಡು ನಿಲ್ತಾರೇನೇ?
ಬಿಚ್ಚಿ ಅವರ ಕಿಟಕಿಯಲ್ಲೇ ಇಟ್ಟೆ,
ಎಣಿಸಿಕೊಳ್ಳುತ್ತಿರಲಿ ಅಂತ.

ಮೊದಲು ನೀರು. ನಮ್ಮ ಬೋರಿನದಲ್ಲ;
ಅದು ಸಾವಿರದಿನ್ನೂರು ಅಡಿಯಿಂದ ಸುಣ್ಣ ಹೊತ್ತು ಬರುತ್ತದೆ,
ಒಣಗಿದಲ್ಲೆಲ್ಲ ಬಿಳಿ ಬೊಟ್ಟು ಇಡುತ್ತದೆ.
ಕಾಯಿನ್ ಹಾಕಿ ಹಿಡಿದು ತಂದ ಫಿಲ್ಟರ್ ನೀರು.
ಕುಡಿಯೋ ನೀರಲ್ಲಿ ಸ್ನಾನ! ಅತ್ತೆಗೆ ಇನ್ನೊಂದು ಮಾತು ಸಿಕ್ಕಿತು.

ಆಮೇಲೆ ಪಂಚೆ. ನೂರು ಸಲ ಒಗೆದದ್ದು.
ಅದರ ಜರಿ ಅಂಚನ್ನು ಪರ್ರನೆ ಹರಿದು ಬಿಸಾಕಿದರು.
"ಚೆಂದ ಇರೋದೇ ಗೀಚೋದು."

ಅವರ ಬೆರಳಿಗೆ ಏನೂ ತಿಳಿಯುವುದಿಲ್ಲ, ಕೆಂಡ ತಿಂದ ಬೆರಳು.
ನನ್ನವೂ ಹಾಗೇ. ಹದಿನೆಂಟು ವರ್ಷ
ಕುದಿನೀರಲ್ಲಿ ಗೂಡಿನ ಎಳೆ ಹುಡುಕಿದ ತುದಿಗಳು;
ಬ್ಯಾಂಕಿನ ಯಂತ್ರ ನನ್ನನ್ನು ಗುರುತು ಹಿಡಿಯುವುದಿಲ್ಲ.
(ಈ ಕಾರಿನ ಸಾಲಕ್ಕೇ ಮೂರು ಸಲ ಒತ್ತಿಸಿದರು.)
ಅದಕ್ಕೂ ಒಂದು ಉಪಾಯವಿದೆಯಂತೆ: ತೆಳು ಪ್ಲಾಸ್ಟಿಕ್ ಕವರಿನೊಳಗೆ
ಕೈ ಹಾಕಿ ಮೆಲ್ಲಗೆ ಸವರಬೇಕು.
ಸವರಿದೆ.
ಹೊಸದು, ನುಣುಪು ಅಂದುಕೊಂಡಿದ್ದರ ಮೇಲೆಲ್ಲ
ರವೆ ರವೆ.
ಲಾರಿಯ ಮೇಲೆ ನಿಂತು ಬರುವಾಗಲೇ ಕೂತ ಧೂಳಂತೆ.
ನಮಗಿಂತ ಮೊದಲೇ ಅದಕ್ಕೊಂದು ಪ್ರಯಾಣವಿತ್ತು.

ಮೇಣ, ಕಡಲೆಕಾಳಿನಷ್ಟು.
"ಜಾಸ್ತಿ ಹಚ್ಚಿದ್ರೆ ಜಾಸ್ತಿ ಹೊಳೆಯಲ್ಲಮ್ಮ, ಒರೆಸೋದು ಜಾಸ್ತಿ."
ಸುತ್ತು, ಸುತ್ತು, ಚಿಕ್ಕ ಸುತ್ತು.
ಅದೇ ಕೈ, ಹತ್ತಿಯ ಅದೇ ತಿರುವು,
ಹೊಗೆ ಮಾತ್ರ ಇಲ್ಲ, ಬಾಳೆಹಣ್ಣಿನ ವಾಸನೆ.
ಒಂದು ಬಾಗಿಲು ಮುಗಿಸಿ ಕಾಯಬೇಕು, ಮಂಜು ಕಟ್ಟುವವರೆಗೆ.
ಕಾಯುತ್ತಾ ಅವರೇ ಅಂದರು, ನನಗಲ್ಲ, ಬಾಗಿಲಿಗೆ:
ಆವಾಗ ಒಳಗಡೆ ಹಚ್ತಿದ್ದೆ. ತಿನ್ನೋರ ಹೊಟ್ಟೆಗೆ ಕಿಲುಬು ಹೋಗ್ದಂಗೆ.
ಯಾರೂ ನೋಡ್ತಿರಲಿಲ್ಲ. ಈಗ ಹೊರಗಡೆ. ಎಲ್ಲಾರೂ ನೋಡ್ತಾರೆ.
ಒಳ್ಳೇದಾ ಕೆಟ್ಟದ್ದಾ ಹೇಳಲಿಲ್ಲ.
ಬೀಡಿ ಹಚ್ಚಲು ಹೋಗಿ, ಮೇಣ ನೆನಪಾಗಿ,
ಕಿವಿಗೆ ಸಿಕ್ಕಿಸಿಕೊಂಡರು.

ಒರೆಸಿದಾಗ ಬಾಗಿಲಲ್ಲಿ ಮೂಡಿದ್ದು:
ಶೆಡ್ಡಿನ ತಗಡು, ಗೂಡಿನ ಖಾಲಿ ಚೀಲಗಳು, ಕರೆಂಟು ತಂತಿ,
ಬರಿಗೈಯ ಒಬ್ಬ ಹೆಂಗಸು.
ನನಗಿಂತ ದಪ್ಪ. ನನಗಿಂತ ನಿಧಾನ.

ಕೊನೆಗೆ ಪರೀಕ್ಷೆ. ಒಂದು ಚೊಂಬು ನೀರು ತನ್ನಿ ಅಂದರು.
ಅವಸರದಲ್ಲಿ ಕೈಗೆ ಸಿಕ್ಕಿದ್ದು ಅಮ್ಮನ ಹಿತ್ತಾಳೆ ಚೊಂಬು.
ಬಾನೆಟ್ಟಿಗೆ ಎರಚಿದೆ. ನೀರು ನಿಲ್ಲಲಿಲ್ಲ, ಹರಡಲಿಲ್ಲ,
ಮಣಿಮಣಿಯಾಗಿ ಉರುಳಿ
ನಂಬರ್ ಪ್ಲೇಟಿನ ಮೇಲಿಂದ ಇಳಿದುಹೋಯಿತು.
ನಾನು ಚಪ್ಪಾಳೆ ತಟ್ಟಿದೆ. ಅತ್ತೆ ಕೂಡ ಹೊರಗೆ ಬಂದರು.
ಪ್ಯಾರೇಜಾನ್ ಕಾರು ನೋಡುತ್ತಿರಲಿಲ್ಲ.
ನನ್ನ ಕೈಯಿಂದ ಚೊಂಬು ತೆಗೆದುಕೊಂಡು
ಬೆಳಕಿಗೆ ವಾಲಿಸಿ, ಒಳಗೆ ಇಣುಕಿ,
"ಕಲಾಯಿ ಬಿಟ್ಟಿದೆ," ಅಂದರು.
"ಇದರಲ್ಲಿ ಮಜ್ಜಿಗೆ ಹಾಕ್ಬೇಡಿ."